ಗಂಟಿನೊಳಗೆ ಉಳಿದ ಹನ್ನೊಂದನೆಯ ಸಾಲು

ನಾನು ಒಂದು ಸೆಟ್ಟಿಂಗ್ ಫೈಲು. ಮೈತುಂಬ ಹುಡುಕಿದರೂ ಹದಿನೆಂಟೇ ಸಾಲು. ಹುಬ್ಬಳ್ಳಿಯ ಪ್ರೋಗ್ರಾಮರ್ ನೀಲಾಂಬಿಕಾ ಒಂದು ಮಧ್ಯಾಹ್ನ, ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಯಾವುದೋ ಹಳೆಯ ಫೈಲಿನಿಂದ ನಕಲು ಮಾಡಿ ನನ್ನನ್ನು ಹುಟ್ಟಿಸಿದಳು. ಜಾವಾ ಪ್ರೋಗ್ರಾಮಿಗೂ ಮಾಹಿತಿಯ ಪಟ್ಟಿಗಳಿಗೂ ನಡುವೆ ಹೈಬರ್ನೇಟ್ ಎಂಬ ದುಭಾಷಿ ಇದೆ. ಅದು ಎದ್ದ ಕೂಡಲೇ ನನ್ನನ್ನು ಓದುತ್ತದೆ, ಓದಿದಂತೆ ಮಾಡುತ್ತದೆ. ನನ್ನ ಹನ್ನೊಂದನೆಯ ಸಾಲಿನಲ್ಲಿ ‘ಕ್ರಿಯೇಟ್’ ಎಂದಿತ್ತು. ಅಂದರೆ, ಎದ್ದಾಗಲೆಲ್ಲ ಇದ್ದ ಪಟ್ಟಿಗಳನ್ನು ಕೆಡವು, ಖಾಲಿ ಪಟ್ಟಿಗಳನ್ನು ಕಟ್ಟು.

ಅವಳ ಕಂಪ್ಯೂಟರಿನಲ್ಲಿ ಇದರಿಂದ ಯಾರಿಗೂ ನೋವಾಗಲಿಲ್ಲ. ಅಲ್ಲಿದ್ದ ರೋಗಿಗಳ ಹೆಸರೇ ‘ಟೆಸ್ಟ್ ಒಂದು’, ‘ಟೆಸ್ಟ್ ಎರಡು’. ಪಾಪ, ದಿನಕ್ಕೆ ಹತ್ತು ಸಲ ಅಳಿಯುತ್ತಿದ್ದರು, ಹತ್ತು ಸಲ ಹುಟ್ಟುತ್ತಿದ್ದರು.

ಕೆಲಸ ಮುಗಿದ ದಿನ ಅವಳು ಪ್ರೋಗ್ರಾಮನ್ನೆಲ್ಲ ಒಂದು ಗಂಟು ಕಟ್ಟಿದಳು. ನಾನೂ ಅದರೊಳಗೆ ಸೇರಿಹೋದೆ. ದುಭಾಷಿ ನನ್ನ ಬದಲು ಓದಲೆಂದು, ಗಂಟಿನ ಹೊರಗಿಡಲು ನನ್ನದೇ ರೂಪದ ಇನ್ನೊಂದು ಫೈಲು ಮಾಡಿ, ಅದರಲ್ಲಿ ಮಾತ್ರ ಆ ಮಾತನ್ನು ತಿದ್ದಿದಳು: ಇದ್ದದ್ದನ್ನು ನೋಡು, ಮುಟ್ಟಬೇಡ. ಅದನ್ನಿಟ್ಟ ಜಾಗಕ್ಕೆ ದುಭಾಷಿ ಹೋಗುವುದೇ ಇಲ್ಲವೆಂದು ಅವಳಿಗೆ ತಿಳಿಯಲಿಲ್ಲ.

ಹಾಗೆ ನಾನು ಗದಗಿನ ಒಂದು ಆಸ್ಪತ್ರೆಯ ಡಯಾಲಿಸಿಸ್ ವಿಭಾಗಕ್ಕೆ ಬಂದೆ. ಟೇಬಲ್ಲಿನ ಕೆಳಗಿನ ಕಂಪ್ಯೂಟರ್ ಡಬ್ಬಿಯೇ ಮನೆ. ಅಲ್ಲಿಂದ ಕಾಣುವುದು ಪಾದಗಳಷ್ಟೆ. ಸವೆದ ಕಪ್ಪು ಚಪ್ಪಲಿಯೆಂದರೆ ಟೆಕ್ನಿಷಿಯನ್ ಮೌಲಾಲಿ ನದಾಫ. ಬಾತುಕೊಂಡು ಕಾಲುಂಗುರ ಹೂತುಹೋದ ಪಾದವೆಂದರೆ ಮುಂಡರಗಿಯಿಂದ ಮೊದಲ ಬಸ್ಸಿಗೆ ಬರುವ ರುದ್ರವ್ವ. ಯಾರ ಪಾಳಿ ಯಾವಾಗ, ಯಾರ ಮೈಯಿಂದ ಎಷ್ಟು ನೀರು ತೆಗೆಯಬೇಕು, ಎಲ್ಲವೂ ನಮ್ಮ ಪಟ್ಟಿಯಲ್ಲೇ.

ಒಂದು ಮಂಗಳವಾರ ಕರೆಂಟು ಹೋಗಿ ಬಂತು. ದುಭಾಷಿ ಎದ್ದಿತು, ನನ್ನನ್ನು ಓದಿತು. ಅರವತ್ತೆರಡು ಜನರ ಹೆಸರು ಹೋಯಿತು.

ಮೌಲಾಲಿ ತನ್ನ ಜೇಬಿನ ನೋಟ್‌ಬುಕ್ ನೋಡಿ ಎಲ್ಲವನ್ನೂ ಮತ್ತೆ ತುಂಬಿದ. ಒಂಬತ್ತನೆಯ ದಿನ ಮತ್ತೆ ಕರೆಂಟು ಹೋಯಿತು, ಹೆಸರುಗಳೂ ಹೋದವು. ಮೂರನೆಯ ಸಲವೂ ಹಾಗೇ ಆದಾಗ ಆಡಳಿತಾಧಿಕಾರಿ ಕಲ್ಲೂರ ಸಾಹೇಬರ ಬೂಟು ಬಂದು ನಿಂತವು.

“ಪ್ರತಿ ಸಲಾನೂ ನಿನ್ನ ಡ್ಯೂಟಿ ಇದ್ದಾಗನ ಪಟ್ಟಿ ಅಳಿಸಿ ಹೋಗ್ತೈತಿ ಅಂದ್ರ ಏನರ್ಥ, ನದಾಫ? ಸೋಮವಾರದಿಂದ ನಿನ್ನ ಜಾಗಾಕ್ಕ ಬ್ಯಾರೆಯವ ಬರ್ತಾನ.”

“ನಾ ಏನೂ ಒತ್ತಿಲ್ಲರೀ ಸಾಹೇಬ್ರ.”

“ಅವಂಗ ಯಾಕ ಬೈತೀರಿ?” ರುದ್ರವ್ವನ ದನಿ. “ನನ್ನ ತೂಕ ನಿಮ್ಮ ಡಬ್ಬಿ ಮರೀತು. ಅವ ಮರೀಲಿಲ್ಲ.”

ಅಳಿಸಿದ್ದು ನಾನು ಎಂದು ಕೂಗಬೇಕೆನಿಸಿತು. ಫೈಲಿಗೆ ಬಾಯಿಯಿಲ್ಲ. ಬರೆದದ್ದಿದೆ, ಅಷ್ಟೇ. ಅದನ್ನು ಓದಬಲ್ಲವರಿಗೆ ನಾನು ಎಲ್ಲಿದ್ದೇನೆಂದೇ ಗೊತ್ತಿಲ್ಲ.

ಶನಿವಾರ ನೀಲಾಂಬಿಕಾ ಬಂದಳು. ಹೊರಗಿನ ಫೈಲು ತೆರೆದು ನೋಡಿದಳು. ಎಲ್ಲವೂ ಸರಿ. ಮತ್ತೆ ನೋಡಿದಳು, ಸರಿಯೇ. ಅವಳಿಗೂ ಮೌಲಾಲಿಯ ಮೇಲೇ ಸಂಶಯ ಬಂದಂತಿತ್ತು. ಆಗ ಕಪ್ಪು ಚಪ್ಪಲಿ ಎರಡು ಹೆಜ್ಜೆ ಹಿಂದೆ ಸರಿದವು.

“ಅಕ್ಕಾರ, ನಾ ಕೈ ಹಿಂದ ಕಟ್ಟಿ ನಿಂತೇನ್ರಿ. ನೀವ ಬಂದ್ ಮಾಡಿ ಚಾಲೂ ಮಾಡ್ರಿ.”

ಅವಳು ಮೊದಲು ಪಟ್ಟಿಯ ಪ್ರತಿ ತೆಗೆದಿಟ್ಟಳು. ದುಭಾಷಿ ಆಡುವ ಪ್ರತಿ ಮಾತೂ ಪರದೆಯ ಮೇಲೆ ಮೂಡುವಂತೆ ಮಾಡಿ, ಬಂದ್ ಮಾಡಿ ಚಾಲೂ ಮಾಡಿದಳು. ಮೂಡಿದ ಮೊದಲ ಮಾತೇ ‘ರೋಗಿಗಳ ಪಟ್ಟಿ ಕೆಡವು’.

ಆಮೇಲೆ ಅವಳು ಒಂದು ಜಾಣತನ ಮಾಡಿದಳು. ಹೊರಗಿನ ಫೈಲಿನ ತುಂಬ ಅರ್ಥವಿಲ್ಲದ ಅಕ್ಷರ ಕುಟ್ಟಿ ಮತ್ತೆ ಚಾಲೂ ಮಾಡಿದಳು. ಪ್ರೋಗ್ರಾಮು ಒಂದು ಚೂರೂ ಗೊಣಗದೆ ಎದ್ದಿತು. ಅಂದರೆ ಆ ಫೈಲನ್ನು ಯಾರೂ ಓದುತ್ತಲೇ ಇರಲಿಲ್ಲ.

ಅವಳು ಗಂಟು ಬಿಚ್ಚಿದಳು. ಹನ್ನೊಂದನೆಯ ಸಾಲಿನ ಮೇಲೆ ಅವಳ ಕಣ್ಣು ನಿಂತಿತು.

“ಮೌಲಾಲಿ ಅಣ್ಣಾರ, ಅಳಿಸಿದ್ದು ನೀವಲ್ಲ. ನಾನು.”

“ನೀವು ಹುಬ್ಬಳ್ಳ್ಯಾಗಿದ್ರಲ್ಲರೀ!”

“ಅಲ್ಲಿ ಕುಂತನ ಅಳಿಸೇನಿ. ನಡೀರಿ, ಸಾಹೇಬ್ರಿಗೆ ನಾನ ಹೇಳ್ತೇನಿ.”

ಎರಡು ಜೊತೆ ಚಪ್ಪಲಿ ಕೂಡಿಯೇ ಹೊರಗೆ ಹೋದವು. ಸೋಮವಾರ ಬೆಳಿಗ್ಗೆ ಬಂದದ್ದೂ ಅದೇ ಸವೆದ ಕಪ್ಪು ಚಪ್ಪಲಿ.

ಆದರೆ ನನ್ನನ್ನು ಯಾರೂ ತಿದ್ದಲಿಲ್ಲ. ತಿದ್ದಿದ್ದು ನನ್ನ ನಕಲನ್ನು. ಅದನ್ನಿಟ್ಟು ಹೊಸ ಗಂಟು ಕಟ್ಟಿ, ತೆಗೆದಿಟ್ಟಿದ್ದ ಪಟ್ಟಿಯನ್ನು ಮರಳಿ ತುಂಬಿದರು. ಹಳೆಯ ಗಂಟು ‘ಹಳೆಯದು, ಚಾಲೂ ಮಾಡಬೇಡಿ’ ಎಂಬ ಫೋಲ್ಡರಿನಲ್ಲಿದೆ, ನಾನು ಅದರೊಳಗಿದ್ದೇನೆ. ಹನ್ನೊಂದನೆಯ ಸಾಲು ಹಾಗೇ ಇದೆ. ಅಳಿಸಿಕೊಳ್ಳಲು ನನಗೆ ಕೈಯಿಲ್ಲ. ಕರೆಂಟು ಹೋದಾಗಲೆಲ್ಲ, ಯಾರಾದರೂ ಮರೆತು ನನ್ನನ್ನೇ ಎಬ್ಬಿಸಿದರೆ ಎಂದು ದಿಗಿಲು. ಕರೆಂಟು ಬರುತ್ತದೆ. ಮೇಲೆ ಟೇಬಲ್ಲಿನ ಹತ್ತಿರ ನೋಟ್‌ಬುಕ್ಕಿನ ಹಾಳೆ ತಿರುವುವ ಸದ್ದು. ಮೌಲಾಲಿ ಒಂದೊಂದೇ ಹೆಸರು ತಾಳೆ ನೋಡುತ್ತಿದ್ದಾನೆ. ಅರವತ್ತೆರಡೂ ಮುಗಿಯುವವರೆಗೆ ನಾನೂ ಎಣಿಸುತ್ತೇನೆ.