ಎರಡು ಚಮಚ ಸೋಡಾ

"ಉಗುಳಬೇಡಿ ಅಮ್ಮಾ, ನುಂಗಿ. ನುಂಗ್ರೀ! ಮಗಳಿಗೆ ಮೂರು ಹೊತ್ತೂ ಇದನ್ನೇ ಹಾಕಿದ್ದೀರಲ್ಲ, ಈಗ ನಿಮಗ್ಯಾಕೆ ವಾಕರಿಕೆ?"

ಪಾತ್ರೆ ಕಂಪನಿಯ ಕೋಟಿನವನು ಗಾಜಿನ ಲೋಟವನ್ನು ಇಸ್ತ್ರಿ ಅಕ್ಕನ ತುಟಿಗೆ ಇನ್ನಷ್ಟು ಒತ್ತಿದ. ಅವಳ ಬಾಯಿ ತುಂಬ ಕಹಿ ನೀರು. ಉಗುಳೋಣವೆಂದರೆ ನೆಲಕ್ಕೆ ಜಮಖಾನೆ ಹಾಸಿದೆ, ಎದುರಿಗೆ ನಮ್ಮ ಓಣಿಯ ನಲವತ್ತು ಹೆಂಗಸರು ಕೂತಿದ್ದಾರೆ. ಕಣ್ಣು ಮುಚ್ಚಿ ನುಂಗಿದಳು. ಅದು ಗಂಟಲಲ್ಲಿ ಇಳಿಯುವುದು ಪರದೆಯ ಸಂದಿಯಿಂದ ನನಗೆ ಕಾಣಿಸಿತು.

"ಹೇಗಿತ್ತು? ಎಲ್ರಿಗೂ ಕೇಳೋ ಹಾಗೆ ಹೇಳಿ."

"ಕಹಿ ಸಾರ್. ಸೋಪು ನೀರು ಕುಡಿದ ಹಾಗೆ."

"ಪಾತ್ರೆ ಯಾರದು?"

"ನಮ್ಮನೇದೇ. ನಾನೇ ತಂದಿದ್ದು."

"ನೀರು?"

"ನಲ್ಲಿ ನೀರು."

"ಬೇರೆ ಏನಾದ್ರೂ ಹಾಕಿದ್ವಾ?"

"ಇಲ್ಲ ಸಾರ್. ಏನಿಲ್ಲ."

ಹಾಕಿದ್ದೆ. ನಾನೇ ಹಾಕಿದ್ದೆ. ಪರದೆಯ ಹಿಂದಿನ ಕೋಣೆಯಲ್ಲಿ ನನ್ನ ಕೆಲಸವೇ ಅದು. ತರಕಾರಿ ಹೆಚ್ಚುವುದು, ಪಾತ್ರೆ ತೊಳೆಯುವುದು, ಹೆಂಗಸರು ಮನೆಯಿಂದ ತಂದ ಹಳೆಯ ಪಾತ್ರೆಗಳಲ್ಲಿ ನೀರು ಕುದಿಸಿ, ಆರಿಸಿ, ವೇದಿಕೆಗೆ ಒಯ್ದು ಇಡುವುದು. ಮನೆ ಪಾತ್ರೆಗೆ ಎರಡು ಚಮಚ ಅಡುಗೆ ಸೋಡಾ, ಕಂಪನಿ ಪಾತ್ರೆಗೆ ಬರಿ ನೀರು. ಸೇರಿದ ದಿನವೇ "ಯಾಕೆ ಸಾರ್?" ಎಂದು ಕೇಳಿದ್ದೆ. "ತೊಳೆಯೋಳು ತೊಳೀಬೇಕು. ಕೇಳೋಕೆ ನಾನು ಬೇರೆಯೋರನ್ನ ಇಟ್ಕೊಂಡಿದ್ದೀನಿ" ಎಂದಿದ್ದ. ಆಮೇಲೆ ನಾನು ಕೇಳಲಿಲ್ಲ. ಅದಕ್ಕೂ ಮೊದಲು ಆರು ವರ್ಷ ಇಟ್ಟಿಗೆ ಹೊತ್ತವಳು ನಾನು. ಇಲ್ಲಿ ಫ್ಯಾನಿತ್ತು, ಕೂರಲು ಸ್ಟೂಲಿತ್ತು. ಆ ಸ್ಟೂಲು ನನಗೆ ಬೇಕಾಗಿತ್ತು, ಇದರಲ್ಲಿ ಮುಚ್ಚುಮರೆ ಏನಿದೆ?

ಕೋಟಿನವನು ಈಗ ಕಂಪನಿ ಪಾತ್ರೆಯ ನೀರನ್ನು ಮೊದಲು ತಾನು ಕುಡಿದು, ಆಮೇಲೆ ಅವಳಿಗೆ ಕುಡಿಸಿದ. ಕಹಿಯ ಮೇಲೆ ಕುಡಿದ ಬರಿ ನೀರು ಸಿಹಿಯಾಗಿಯೇ ಇರುತ್ತದೆ. ಅವಳ ಮುಖ ಅರಳಿತು. ಅಷ್ಟರಲ್ಲಿ ಅವನು ದನಿ ತಗ್ಗಿಸಿದ.

"ನಿಮ್ಮ ಮಗಳಿಗೆ ಐದು ವರ್ಷ. ಇನ್ನೂ ಮಾತು ಬಂದಿಲ್ಲ. ಹೌದೋ ಅಲ್ವೋ?"

"ನಿಮಗೆ... ನಿಮಗೆ ಯಾರು ಹೇಳಿದ್ರು ಸಾರ್?"

"ಯಾರು ಹೇಳಿದ್ರೇನು. ಯಾಕೆ ಬಂದಿಲ್ಲ ಅಂತ ಯಾವತ್ತಾದ್ರೂ ನಿಮ್ಮ ಒಲೆ ಕಡೆ ನೋಡಿ ಯೋಚನೆ ಮಾಡಿದ್ದೀರಾ? ನಾನು ಏನೂ ಹೇಳಲ್ಲಪ್ಪ, ನಾನು ಡಾಕ್ಟರ್ ಅಲ್ಲ. ಹೆತ್ತೋರು ನೀವು. ನೀವೇ ಹೇಳಿ, ಆ ಮಗು ಹೊಟ್ಟೆಗೆ ಐದು ವರ್ಷ ಏನು ಹೋಗಿದೆ?"

ಇಸ್ತ್ರಿ ಅಕ್ಕ ತನ್ನ ಪಾತ್ರೆಯನ್ನು ನೋಡಿದಳು. ಮತ್ತೆ ತನ್ನ ಎರಡು ಕೈ ನೋಡಿಕೊಂಡಳು. ಅಷ್ಟು ಜನರೆದುರು ನಿಂತಲ್ಲೇ ಕುಸಿದು, "ಅಯ್ಯೋ ನನ್ನ ಕೈಯಾರೆ ನಾನೇ..." ಎಂದು ಎದೆ ಬಡಿದುಕೊಂಡಳು. ಎದ್ದು ಹೊರಗೆ ಹೋಗುವ ಹಾಗೂ ಇರಲಿಲ್ಲ. ಕಾರ್ಯಕ್ರಮ ಮುಗಿಯುವವರೆಗೆ ಬಾಗಿಲಿಗೆ ಚಿಲಕ ಹಾಕಿರುತ್ತಿದ್ದರು. ಬರೀ ಬಂದು ಕೂತದ್ದಕ್ಕೆ ಕೊಡುವ ಉಚಿತ ಚಾಕು ಕೂಡ ಕೊನೆಯಲ್ಲೇ ಸಿಗುತ್ತಿದ್ದದ್ದು. ಹತ್ತು ನಿಮಿಷದಲ್ಲಿ ಅವಳು ಹೆಬ್ಬೆಟ್ಟು ಒತ್ತಿದ್ದಳು. ಏಳು ಪಾತ್ರೆಗಳ ಸೆಟ್ಟು, ಇವತ್ತೇ ತೆಗೆದುಕೊಂಡವರಿಗೆ ಒಂದು ಕೆಂಪು ಸೂಟ್‌ಕೇಸು ಫ್ರೀ. "ವಿಷ ಇಲ್ಲೇ ಬಿಟ್ಟು ಹೋಗಿ" ಎಂದು ಅವಳ ಹಳೆಯ ಪಾತ್ರೆಯನ್ನು ಅವನು ಕಾಲಿನಿಂದ ಪರದೆಯ ಒಳಕ್ಕೆ ತಳ್ಳಿದ. ಅದು ಉರುಳಿಕೊಂಡು ಬಂದು ನನ್ನ ಸ್ಟೂಲಿಗೆ ಬಡಿಯಿತು.

ಯಾರು ಹೇಳಿದರು ಎಂದು ಅವಳು ಕೇಳಿದಳಲ್ಲ, ಹೇಳಿದವಳೂ ನಾನೇ.

ಹತ್ತು ಹೆಂಗಸರನ್ನು ಕರೆತಂದರೆ ನನಗೂ ಒಂದು ಸೂಟ್‌ಕೇಸು ಎಂದಿದ್ದ. ಊರು ಬಿಟ್ಟು ಎಲ್ಲೂ ಹೋಗದ ನನಗೆ ಸೂಟ್‌ಕೇಸು ಯಾಕೆಂದು ಕೇಳಬೇಡಿ. ಕೆಂಪಗಿತ್ತು, ಚಕ್ರ ಇತ್ತು, ಬೇಕೆನಿಸಿತು. ಕಂಪನಿಯ ಪ್ರಶ್ನೆಗಳಿದ್ದ ಕಾರ್ಡು ಹಿಡಿದು ಓಣಿಯಲ್ಲಿ ಮನೆ ಮನೆ ಸುತ್ತಿದೆ. ಗೋಡೆಗೆ ಗೋಡೆ ಹತ್ತಿಕೊಂಡಿರುವ ಇಸ್ತ್ರಿ ಅಕ್ಕನ ಮನೆಯೇ ಮೊದಲು. ಲಾಂಡ್ರಿಯಲ್ಲಿ ದಿನವೆಲ್ಲ ನಿಂತು ಪರರ ಅಂಗಿ ತೀಡಿ ಬಂದವಳು, ಊದಿದ ಕಾಲನ್ನು ಬಕೆಟ್ಟಿನ ನೀರಿನಲ್ಲಿ ಇಟ್ಟುಕೊಂಡು ಕೂತಿದ್ದಳು. ಅವಳಿಗೆ ಬರೆಯಲು ಬಾರದು. ನಾನು ಓದಿ ಕೇಳಿದೆ, ನಾನೇ ತುಂಬಿದೆ.

"ಮನೇಲಿ ಯಾರಿಗಾದ್ರೂ ಆರೋಗ್ಯದ ತೊಂದರೆ ಇದ್ಯಾ ಅಂತ ಕೇಳಿದ್ದಾರೆ ಅಕ್ಕಾ."

"ಇದೆ ಬರ್ಕೋ. ನನ್ನ ಗಂಡ ಅನ್ನೋ ಬೇವರ್ಸಿಗೆ ಕುಡಿಯೋ ಕಾಯಿಲೆ. ಅದಕ್ಕೊಂದು ಪಾತ್ರೆ ಇದ್ರೆ ಕೊಡೋಕೆ ಹೇಳು, ತಲೆ ಮೇಲೆ ಮಗುಚ್ತೀನಿ."

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಒಳಗಿನಿಂದ ಟಣ್ ಎಂದಿತು. ಅವಳ ಮಗಳು ಗುಬ್ಬಿ, ಆ ಹಳೆಯ ಪಾತ್ರೆಯ ಮುಂದೆ ಕೂತು ಚಮಚದಿಂದ ಬಡಿದಿದ್ದಳು. ಒಂದು ಸಲ ಬಡಿದರೆ ಬೇಕು, ಎರಡು ಸಲ ಬಡಿದರೆ ಸಾಕು. ಬಡಿದು ಬಡಿದು ಪಾತ್ರೆಯ ಕಂಠವೆಲ್ಲ ನೆಗ್ಗಿಹೋಗಿತ್ತು.

"ನೋಡು, ನನ್ ಮಗಳದ್ದು ಎರಡೇ ಮಾತು. ನಿನ್ನ ಥರ ದಿನಕ್ಕೆ ಎರಡು ಸಾವಿರ ಅಲ್ಲ" ಎಂದು ಅವಳು ಗಂಜಿ ಬಡಿಸಲು ಎದ್ದಳು. "ಇನ್ನೆರಡು ತಿಂಗಳು ಕಣೇ. ಮಾತು ಕಲಿಸೋ ಟೀಚರಮ್ಮನ ಹತ್ರ ಬಿಡೋಕೆ ಡಬ್ಬೀಲಿ ಕೂಡಿಡ್ತಾ ಇದ್ದೀನಿ. ಅವರು ನೋಡಿ ಹೇಳಿದ್ದಾರೆ, ಬರುತ್ತೆ, ಕಲಿಸಿದ್ರೆ ಬಂದೇ ಬರುತ್ತೆ ಅಂತ."

ನಾನು ಕಾರ್ಡಿನಲ್ಲಿ ಬರೆದೆ: ಮಗಳು, ಐದು ವರ್ಷ, ಮಾತು ಬರುವುದಿಲ್ಲ.

ಟೀಚರಮ್ಮನಿಗೆಂದು ಕೂಡಿಟ್ಟ ಡಬ್ಬಿ ಆ ಪಾತ್ರೆಗಳ ಮೊದಲ ಕಂತಿಗೆ ಹೋಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಹೇಗೋ ಮರೆಯುತ್ತಿದ್ದೆನೋ ಏನೋ. ಆದರೆ ರಸೀದಿಯ ಹಿಂದೆ ಇರುವೆಗಳಂಥ ಅಕ್ಷರಗಳಲ್ಲಿ ಒಂದು ಸಾಲಿತ್ತು. ಪೆಟ್ಟಿಗೆ ಒಡೆಯದಿದ್ದರೆ ಏಳು ದಿನದೊಳಗೆ ವಾಪಸು ಪಡೆಯಲಾಗುವುದು. ಅವಳಿಗೆ ಓದಲು ಬಾರದು, ನನಗೆ ಬರುತ್ತದೆ. ಅವಳು ಪೆಟ್ಟಿಗೆ ಒಡೆದಿರಲಿಲ್ಲ. "ಸಂಬಳದ ದಿನ ಒಳ್ಳೆ ತರಕಾರಿ ತಂದು ಮಾಡ್ತೀನಿ, ಅಲ್ಲೀವರೆಗೆ ಮಣ್ಣಿನ ಗಡಿಗೇಲೇ ಗಂಜಿ, ಇದನ್ನ ಯಾರೂ ಮುಟ್ಟೋ ಹಾಗಿಲ್ಲ" ಎಂದು ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದಳು. ಆರು ದಿನ, ದಿನವೂ ನಾನು ಅವಳ ಹೊಸ್ತಿಲವರೆಗೆ ಹೋದೆ. ಒಂದು ದಿನ ಬೆಂಕಿಪೊಟ್ಟಣ ಕೇಳಿದೆ. ಒಂದು ದಿನ ನಲ್ಲಿಯಲ್ಲಿ ನೀರು ಬಂತಾ ಎಂದೆ. ಪೆಟ್ಟಿಗೆ ನೋಡಿದಾಗಲೆಲ್ಲ ನಾಲಿಗೆಯ ತುದಿಗೆ ಬರುತ್ತಿತ್ತು, ಸ್ಟೂಲು ನೆನಪಾಗಿ ಒಳಗೆ ಹೋಗುತ್ತಿತ್ತು. ಏಳನೆಯ ದಿನ ಅವಳೇ ಕರೆದಳು.

"ಬಾರೇ, ನಿನ್ನ ಕೈಯಿಂದಾನೇ ತೆಗೆಯೋಣ. ನೀನು ಅವತ್ತು ಕರ್ಕೊಂಡು ಹೋಗದೇ ಇದ್ರೆ ನನ್ನ ಮಗು ಇನ್ನೂ ವಿಷಾನೇ ತಿಂತಾ ಇರ್ತಿತ್ತು."

ಕತ್ತರಿ ನನ್ನ ಕೈಗೆ ಕೊಟ್ಟಳು. ನಾನು ಕತ್ತರಿಸಿದೆ. ಥೂ, ಇವತ್ತಿಗೂ ಆ ಪ್ಲಾಸ್ಟಿಕ್ ಹರಿದ ಸದ್ದು ಕಿವಿಯಲ್ಲಿದೆ.

ಅಲ್ಲಿಂದ ಆ ಮನೆಯೇ ಬದಲಾಯಿತು. ಹೊಸ ಪಾತ್ರೆಗೆ ಗೀರು ಬೀಳುತ್ತದೆಂದು ಗುಬ್ಬಿಯ ಕೈಯಿಂದ ಚಮಚ ಕಿತ್ತುಕೊಂಡಳು. ಮಗು ಮೊದಲು ಎರಡು ದಿನ ನೆಲಕ್ಕೆ ಕೈ ಬಡಿಯಿತು. ನೆಲ ಸದ್ದು ಮಾಡಲಿಲ್ಲ. ಆಮೇಲೆ ಅದನ್ನೂ ಬಿಟ್ಟಿತು. ನಾನು ಗೋಡೆಗೆ ಕಿವಿಯಿಟ್ಟು ಕೂರುತ್ತಿದ್ದೆ, ಟಣ್ ಇಲ್ಲ, ಟಣ್ ಟಣ್ ಇಲ್ಲ. ತಾಯಿಯ ಬೈಗುಳವೂ ಇಲ್ಲ. ಓಣಿಯಲ್ಲಿ ಯಾರ ಬಾಯಿಗೂ ಜಗ್ಗದ ಹೆಂಗಸು ಮಗಳ ಎದುರು ಕುಕ್ಕರಗಾಲಿನಲ್ಲಿ ಕೂತು, ಒಂದೊಂದು ತುತ್ತಿಗೂ ಅವಳ ತುಟಿಯನ್ನೇ ನೋಡುತ್ತಿದ್ದಳು.

"ಅಮ್ಮ ಅನ್ನು. ಅ... ಮ್ಮ" ಎಂದು ಮಗಳಿಗೆ ಹೇಳಿಕೊಟ್ಟು, "ರಕ್ತ ಎಲ್ಲ ಬದಲಾಗೋಕೆ ಒಂದು ತಿಂಗಳು ಬೇಕಂತೆ ಕಣೇ" ಎಂದು ನನಗೆ ಹೇಳುವಳು. "ತಪ್ಪು ನಂದು. ಐದು ವರ್ಷ ನಾನು ಮಾಡಿದ್ದು ಒಂದೇ ದಿನಕ್ಕೆ ಹೋಗುತ್ತಾ?"

ನಾನು ಹೂಂ ಎಂದೆ. ಹೂಂ ಎನ್ನುವುದಕ್ಕೆ ನನ್ನ ನಾಲಿಗೆ ಏನೂ ತೊದಲಲಿಲ್ಲ.

ಒಂದು ತಿಂಗಳು ಮುಗಿಯಿತು. ಮುಂದಿನ ಓಣಿಯವರಿಗೆ ಕಾರ್ಯಕ್ರಮ. ಕೋಟಿನವನು ನನ್ನನ್ನು ಕರೆದು, "ಆ ಮೂಗಿ ಮಗು ತಾಯೀನ ಕರ್ಕೊಂಡು ಬಾ. ಮಗೂನೂ ಇರಲಿ. ನಾಲ್ಕು ಮಾತು ಹೇಳಿದ್ರೆ ಒಂದು ದೋಸೆ ಕಾವಲಿ ಫ್ರೀ ಅನ್ನು" ಎಂದ. ನಾನು ಕರೆತಂದೆ. ಪರದೆಯ ಹಿಂದೆ, ನನ್ನ ಕಣ್ಣೆದುರೇ, ಅವನು ಅವಳಿಗೆ ಪಾಠ ಹೇಳಿದ.

"ಮಗಳು ಈಗ ಅಮ್ಮಾ ಅಂತಾಳೆ ಅನ್ನಿ. ಅಷ್ಟು ಸಾಕು."

"ಆದ್ರೆ ಅವಳು ಅನ್ನಲ್ಲವಲ್ಲ ಸಾರ್."

"ನಾಳೆ ಅಂತಾಳೆ. ಇವತ್ತೇ ಹೇಳಿದ್ರೆ ನಷ್ಟ ಏನು? ಇಲ್ಲ ಅಂದ್ರೆ ಎಲ್ರೂ ಏನು ತಿಳ್ಕೋತಾರೆ ಹೇಳಿ. ಒಳ್ಳೆ ಪಾತ್ರೆ ಕೊಟ್ರೂ ಇವಳಿಗೆ ಮಾಡೋಕೆ ಬರಲ್ಲ, ಎಂಥಾ ತಾಯಿ ಇವಳು ಅನ್ನಲ್ವಾ?"

ಅವಳು ತಲೆ ತಗ್ಗಿಸಿ ವೇದಿಕೆಗೆ ಹೋದಳು. ಗುಬ್ಬಿ ಸೆರಗು ಹಿಡಿದು ಹಿಂದೆಯೇ ಹೋಯಿತು. ಕೋಣೆಯ ಮೂಲೆಯಲ್ಲಿ ನನ್ನ ಕೆಂಪು ಸೂಟ್‌ಕೇಸು ಇತ್ತು, ಬೆಳಿಗ್ಗೆಯೇ ತಂದಿಟ್ಟಿದ್ದೆ. ತೆಗೆದೆ. ಒಳಗೆ ಕಂಠ ನೆಗ್ಗಿದ ಆ ಹಳೆಯ ಪಾತ್ರೆ. ಅವತ್ತು ಗುಜರಿಯವನು ಬರುವ ಮೊದಲೇ ಎತ್ತಿಟ್ಟುಕೊಂಡಿದ್ದೆ. ಯಾಕೆ ಎತ್ತಿಟ್ಟೆನೋ ಆಗ ಗೊತ್ತಿರಲಿಲ್ಲ, ಪೂರಾ ಧೈರ್ಯ ಈಗಲೂ ಇರಲಿಲ್ಲ. ಎರಡು ಒಲೆ ಹಚ್ಚಿದೆ. ಹಳೆಯದಕ್ಕೆ ನಲ್ಲಿ ನೀರು. ಕಂಪನಿಯದಕ್ಕೂ ನಲ್ಲಿ ನೀರು. ಸೋಡಾ ಡಬ್ಬಿ ತೆಗೆದು ಎರಡು ಚಮಚ ಅಳೆದೆ.

ಹೊರಗೆ ಮೈಕಿನಲ್ಲಿ ಅವಳ ದನಿ. "ನನ್ನ ಮಗಳು..." ನಿಂತಿತು. "ನನ್ನ ಮಗಳು ಈಗ... ಅಮ್ಮಾ..." ಎಂದವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ಸಂತೋಷಕ್ಕೆ ಅಳುತ್ತಿದ್ದಾಳೆಂದು ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ಕೋಟಿನವನು ಅದೂ ಇದೂ ಮಾತಾಡಿ, ಕ್ಯಾರೆಟ್ಟು ಬೇಯಿಸಿ ತೋರಿಸಿ ಸಭೆಯನ್ನು ಹದಕ್ಕೆ ತಂದು "ಏಯ್ ತೊಳೆಯೋಳೇ, ನೀರು ತಾ" ಎನ್ನುವ ಹೊತ್ತಿಗೆ ಎರಡೂ ಆರಿದ್ದವು. ತಟ್ಟೆಯಲ್ಲಿಟ್ಟು, ಸೋಡಾ ಡಬ್ಬಿಯನ್ನು ಸೆರಗಿನಡಿ ಅಡಗಿಸಿಕೊಂಡು ಒಯ್ದೆ. ಅವನು ಪಾತ್ರೆಗಳನ್ನು ನೋಡಲೇ ಇಲ್ಲ. ಬಡವರ ಪಾತ್ರೆಗಳೆಲ್ಲ ಅವನ ಕಣ್ಣಿಗೆ ಒಂದೇ. ಇಸ್ತ್ರಿ ಅಕ್ಕ ನೋಡಿದಳು. ನೋಡಿದ ತಕ್ಷಣ ಗುರುತು ಹಿಡಿದಳು. ಗುಬ್ಬಿಯೂ ಹಿಡಿಯಿತು.

"ಮೊದಲು ನಾನು ಕುಡೀತೀನಿ, ನಮ್ಮ ಕಂಪನಿ ಪಾತ್ರೆಯ ಅಮೃತ" ಎಂದು ಅವನು ಲೋಟ ಎತ್ತಿದ. ಒಂದು ಗುಟುಕಿಗೇ ಅವನ ನಗು ನಿಂತಿತು, ಮತ್ತೆ ಶುರುವಾಯಿತು. ಕಸುಬುದಾರ, ನುಂಗಿಬಿಟ್ಟ. ನನ್ನ ಕಡೆ ನೋಡಿದ ನೋಟದಲ್ಲಿ ಮಾತ್ರ ನನ್ನ ಕೆಲಸ, ಸ್ಟೂಲು, ಫ್ಯಾನು ಎಲ್ಲ ಹೋದದ್ದು ಗೊತ್ತಾಯಿತು.

"ಸರಿ, ಇದು ಸಾಕು, ಈಗ ಗಿಫ್ಟ್ ಹಂಚೋಣ..."

"ಅಕ್ಕನಿಗೂ ಕೊಡಿ ಸಾರ್" ಎಂದೆ. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ಅವನು ತಡೆಯುವ ಮೊದಲೇ ಲೋಟ ತುಂಬಿ ಅವಳ ಕೈಗಿತ್ತೆ. "ಇದು ಹೊಸಾದು. ಕುಡಿ ಅಕ್ಕಾ."

ಅವಳು ಕುಡಿದಳು, ಜಮಖಾನೆಯ ಮೇಲೆ ಉಗುಳಿದಳು.

"ಇದು ನಿಂದು. ಹಳೇದು."

ಕುಡಿದಳು. ಇನ್ನೊಂದು ಗುಟುಕು ಕುಡಿದಳು. ಲೋಟದ ತಳ ಕಾಣುವವರೆಗೆ ಕುಡಿದಳು. ನಾನು ಸೋಡಾ ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಕುಕ್ಕಿದೆ.

"ಪಾತ್ರೇಲಿ ಏನೂ ಇಲ್ಲ ಅಕ್ಕಾ. ಎರಡು ಚಮಚ ಸೋಡಾ, ಅಷ್ಟೇ. ನಿನ್ನ ಕೈಯಲ್ಲೂ ಏನಿಲ್ಲ, ಗುಬ್ಬಿಗೆ ನೀನೇನೂ ಮಾಡಿಲ್ಲ."

"ಹುಚ್ಚಿ! ಇವಳನ್ನ ಹೊರಗೆ ಹಾಕ್ರೋ! ಬೋಳಿಮುಂಡೆ, ನನ್ನ ಅನ್ನ ತಿಂದು..." ಕೋಟಿನವನು ಕೂಗುತ್ತಲೇ ಇದ್ದ. ಇಸ್ತ್ರಿ ಅಕ್ಕ ಅವನ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಅವಳು ನನ್ನನ್ನು ತಬ್ಬಿಕೊಳ್ಳಬಹುದೆಂದು, ಸುಳ್ಳೇಕೆ ಹೇಳಲಿ, ಒಂದು ಕ್ಷಣ ಅಂದುಕೊಂಡೆ.

"ಅವತ್ತು ಹಾಕಿದ್ದೂ ನೀನೇನಾ?"

"ಹೂಂ ಅಕ್ಕಾ."

"ಪೆಟ್ಟಿಗೆ ಕತ್ತರಿಸಿದ ದಿನ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕಂಪನಿ ಪಾತ್ರೆಯ ನೀರನ್ನು ಲೋಟದ ಕಂಠದವರೆಗೆ ಬಗ್ಗಿಸಿದಳು. ಒಂದು ತೊಟ್ಟೂ ಚೆಲ್ಲದ ಹಾಗೆ ತಂದು ನನ್ನ ತುಟಿಗೆ ಹಿಡಿದಳು.

"ಕುಡಿ. ಉಗುಳಬೇಡ. ನುಂಗು."

ನಾನು ಕುಡಿದೆ. ಕಹಿ ಗಂಟಲು ಸುಟ್ಟುಕೊಂಡು ಇಳಿಯಿತು, ಕಣ್ಣಲ್ಲಿ ನೀರು ಬಂತು, ಪೂರ್ತಿ ಕುಡಿದೆ.

ಟಣ್.

ಗುಬ್ಬಿ ಹಳೆಯ ಪಾತ್ರೆಯನ್ನು ಮೇಜಿನಿಂದ ಇಳಿಸಿ ಮಡಿಲಲ್ಲಿಟ್ಟುಕೊಂಡು, ಸೋಡಾ ಡಬ್ಬಿಯ ಚಮಚದಿಂದ ಬಡಿದಿದ್ದಳು. ಒಂದೇ ಸಲ. ಇಸ್ತ್ರಿ ಅಕ್ಕ ಕಿವಿಗೊಟ್ಟು ನಿಂತಳು. ಎರಡನೆಯ ಸದ್ದು ಬರಲಿಲ್ಲ.

ಅವಳು ಲೋಟವನ್ನು ಮತ್ತೆ ತುಂಬಿದಳು, ಕೋಟಿನವನ ಕಡೆ ತಿರುಗಿದಳು. ಅವನು ಬಾಗಿಲಿನತ್ತ ಎರಡು ಹೆಜ್ಜೆ ಇಟ್ಟ. ಬಾಗಿಲ ಬಳಿ ಕೂತಿದ್ದ ಹೆಂಗಸರು ಎದ್ದು ಚಿಲಕಕ್ಕೆ ಬೆನ್ನು ಕೊಟ್ಟು ನಿಂತರು.