ಮೂರು ಬಾಯಲ್ಲಿ ವಾರ್ತಿನಿಯ ಮಾತು

ಮೊಟ್ಟೆ ಸುತ್ತಿದ ರೊಟ್ಟಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಪಾವ್-ಚು ಕಂಪ್ಯೂಟರ್ ತೆರೆದಳು. ಗಾಂಗ್‌ಶಾನಿನ ಸ್ಕ್ರೂ ಕಾರ್ಖಾನೆಯ ರಫ್ತು ವಿಭಾಗದಲ್ಲಿ ಅವಳಿಗೆ ಇಪ್ಪತ್ತೆರಡು ವರ್ಷದ ಸರ್ವಿಸು. ಈ ವಾರ ಹೊಸದೊಂದು ಕೆಲಸ ಅಂಟಿಕೊಂಡಿತ್ತು. ಮೂರು ಚಾಟ್‌ಬಾಟ್‌ಗಳಿಗೆ ಒಂದೇ ಪ್ರಶ್ನೆ ಕೇಳಿ, ಯಾವ ಕೆಲಸಕ್ಕೆ ಯಾವುದು ವಾಸಿ ಎಂದು ಶುಕ್ರವಾರದೊಳಗೆ ಬರೆದುಕೊಡಬೇಕು. ಕಚೇರಿಯಲ್ಲಿ ಯಾರೂ ಅವುಗಳ ಹೆಸರು ಹೇಳುತ್ತಿರಲಿಲ್ಲ. ಗುರುತಿನ ಬಣ್ಣ ನೋಡಿ ನೀಲಿ, ಹಸಿರು, ಕೆಂಪು ಅನ್ನುತ್ತಿದ್ದರು.

ಬೆಲೆಪಟ್ಟಿಯಲ್ಲಿ ಹಸಿರು ಎಡವುತ್ತಿರಲಿಲ್ಲ. ಆದರೆ ಅದು ಬರೆದ ಪತ್ರ ಠಾಣೆಯಿಂದ ಬಂದ ನೋಟಿಸಿನಂತಿರುತ್ತಿತ್ತು. ಕೆಂಪು, ಒಂದು ಕೇಳಿದರೆ ತಿರುಗಿ ಎರಡು ಕೇಳುತ್ತಿತ್ತು. ನೀಲಿ ಮಾತ್ರ ಕೂಗಾಡುವ ಗಿರಾಕಿಗೂ ಬೆಣ್ಣೆಯಂಥ ಉತ್ತರ ಬರೆಯುತ್ತಿತ್ತು. ಪಾವ್-ಚುಗೆ ಅದೇ ಅಚ್ಚುಮೆಚ್ಚು. ಮನೆಯಲ್ಲೂ ಅದನ್ನೇ ಬಳಸುತ್ತಿದ್ದಳು. ಲಕ್ವ ಹೊಡೆದ ಅಪ್ಪನನ್ನು ನೋಡಿಕೊಳ್ಳಲು ಇಂಡೋನೇಷ್ಯಾದಿಂದ ಬಂದಿದ್ದ ವಾರ್ತಿನಿಗೆ ಇಲ್ಲಿಯ ಭಾಷೆ ಅಡುಗೆಮನೆಯ ಮಟ್ಟಿಗಷ್ಟೇ ಬರುತ್ತಿತ್ತು. ಉದ್ದದ ಮಾತಿದ್ದರೆ ತನ್ನ ಭಾಷೆಯಲ್ಲೇ ಹೇಳಿ ಧ್ವನಿ ಸಂದೇಶ ಕಳಿಸುವಳು. ನೀಲಿ ಅದನ್ನು ಅನುವಾದಿಸುವುದು. ನಾಲ್ಕು ತಿಂಗಳಾದರೂ ಮನೆಯಲ್ಲಿ ಒಂದು ಜಗಳವಿಲ್ಲ.

ಬುಧವಾರ ಮ್ಯಾನೇಜರ್ ತ್ಸೆಂಗ್ ಬಂದು ಅವಳ ಮೇಜಿಗೆ ಒರಗಿ ನಿಂತ.

"ಅಕ್ಕಾ, ಸುರಬಾಯಾದ ಹೊಸ ಗಿರಾಕಿ ಇಂಡೋನೇಷ್ಯಾದ ಭಾಷೇಲೇ ಮಾತಾಡ್ತಾನಂತೆ. ಅದನ್ನೂ ಒಂದು ಕೈ ನೋಡಿಬಿಡಿ."

"ಸ್ಯಾಂಪಲ್ ಎಲ್ಲಿಂದ ತರಲಿ?"

"ನಿಮ್ಮನೇಲೇ ಒಬ್ಬಳಿದಾಳಲ್ಲ! ಅವಳ ಮಾತನ್ನೇ ಹಾಕಿ."

ಪಾವ್-ಚು ಹಿಂದಿನ ದಿನದ ಸಂದೇಶವನ್ನು ಮೂರಕ್ಕೂ ಕೊಟ್ಟಳು. ನೀಲಿಯದು ಅವಳು ಮೊದಲೇ ಓದಿದ್ದ ಸಾಲುಗಳೇ: "ತಾತ ಆರಾಮಾಗಿದ್ದಾರೆ. ರಾತ್ರಿ ಕೆಲವು ಸಲ ಎದ್ದರು. ಎಂದಾದರೂ ಸ್ವಲ್ಪ ವಿಶ್ರಾಂತಿ ಸಿಕ್ಕರೆ ಸಂತೋಷ."

ಹಸಿರು ಬರೆದಿತ್ತು: "ತಾತ ರಾತ್ರಿ ಆರು ಸಲ ಎದ್ದರು. ನಾನು ಸರಿಯಾಗಿ ನಿದ್ದೆ ಮಾಡಿ ಒಂಬತ್ತು ದಿನವಾಯಿತು. ಇವತ್ತು ತಾತನನ್ನು ಮೆಟ್ಟಿಲಲ್ಲಿ ಹಿಡಿದುಕೊಂಡಿದ್ದಾಗ ಕಣ್ಣು ಕತ್ತಲಿಟ್ಟಿತು. ಇಬ್ಬರೂ ಬೀಳುವುದರಲ್ಲಿದ್ದೆವು. ಭಾನುವಾರ ರಜೆ ಕೊಡುತ್ತೇನೆ ಅಂದಿದ್ದಿರಿ ಅಕ್ಕ. ನಾನು ಈ ಮನೆಯಿಂದ ಒಂದು ದಿನವೂ ಹೊರಗೆ ಹೋಗಿಲ್ಲ. ನನಗೆ ಭಯವಾಗುತ್ತಿದೆ."

ಕೆಂಪಿನದೂ ಅದೇ. ಕೊನೆಯಲ್ಲಿ ಒಂದು ಸಾಲು ಹೆಚ್ಚು: "ಮಾತನಾಡುವಾಗ ಈಕೆಯ ಧ್ವನಿ ನಡುಗುತ್ತಿದೆ."

ಇವೆರಡೂ ಕಡ್ಡಿಯನ್ನು ಗುಡ್ಡ ಮಾಡಿ ಹೇಳುತ್ತಿವೆ ಅಂದುಕೊಂಡಳು ಪಾವ್-ಚು. ಹಳೆಯ ಸಂದೇಶಗಳನ್ನು ಒಂದೊಂದಾಗಿ ಹಾಕಿದಳು. ಎದ್ದು ನೀರು ಕುಡಿದು ಬಂದು ಮತ್ತೆ ಹಾಕಿದಳು. ಎಲ್ಲದರಲ್ಲೂ ಅದೇ ಕಥೆ. ಕೊನೆಗೆ ನೀಲಿಯ ಸೆಟ್ಟಿಂಗ್ ತೆರೆದು ನೋಡಿದಾಗ ಅವಳದೇ ಸಾಲು ಸಿಕ್ಕಿತು. ಸರಕು ತಡವಾಗಿ ಜರ್ಮನಿಯ ಗಿರಾಕಿ ರೇಗಾಡಿದ್ದಾಗ ಬರೆದಿಟ್ಟ ಆಜ್ಞೆ: "ದೂರಿನ ಧಾಟಿ ಬೇಡ. ಎಲ್ಲವನ್ನೂ ನಯವಾಗಿ, ಚುಟುಕಾಗಿ ಬರೆ." ಕಚೇರಿಗೂ ಮನೆಗೂ ಅವಳದು ಒಂದೇ ಖಾತೆ.

ಅಬ್ಬ, ತಪ್ಪು ಯಂತ್ರದ್ದಲ್ಲದಿದ್ದರೂ ನನ್ನದೂ ಅಲ್ಲವಲ್ಲ, ಗೊತ್ತಿಲ್ಲದೆ ಆದದ್ದು ಎಂದು ಒಂದು ಕ್ಷಣ ಮನಸ್ಸು ಹಗುರಾಯಿತು. ಆದರೆ ನೀಲಿಯ ಆ ಮೆತ್ತನೆಯ ಸಾಲುಗಳಲ್ಲೂ 'ವಿಶ್ರಾಂತಿ' ಎಂಬ ಮಾತು ಇದ್ದೇ ಇತ್ತು. ಪ್ರತಿ ಸಲವೂ ಇತ್ತು. ಪ್ರತಿ ಸಲವೂ ಅವಳು ಹೆಬ್ಬೆರಳಿನ ಚಿತ್ರ ಒತ್ತಿ ಮುಂದೆ ಹೋಗಿದ್ದಳು.

ಊಟದ ಹೊತ್ತಿಗೆ ತ್ಸೆಂಗ್‌ಗೆ ವಿಷಯ ಹೇಳಿದಳು.

"ರಜೆ ಬದಲು ದುಡ್ಡು ಕೊಡ್ತೀರಲ್ಲ, ಮತ್ತೇನು? ಹೊರಗೆ ಬಿಟ್ರೆ ನಾಲ್ಕು ಜನ ಸೇರ್ತಾರೆ, ಯಾರೋ ತಲೆ ಕೆಡಿಸ್ತಾರೆ, ಓಡೋಗ್ತಾರೆ. ನಮ್ಮಮ್ಮನ ಹತ್ರ ಇರೋಳನ್ನ ನಾನು ಗೇಟು ದಾಟೋಕೆ ಬಿಡಲ್ಲ. ನಿಮಗೂ ಇರೋದು ವಾರಕ್ಕೊಂದೇ ರಜ ಅಕ್ಕಾ. ಅವತ್ತೂ ಅಪ್ಪನ್ನ ಎತ್ತಿ ಕೂರಿಸ್ತಾ ಇದ್ರೆ ಸೋಮವಾರ ಇಲ್ಲಿ ಮೇಜಿನ ಮೇಲೆ ಮಲಗ್ತೀರಿ."

ಅವನು ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ನಾಲ್ಕು ತಿಂಗಳಿಂದ ಅವಳು ತನಗೆ ತಾನೇ ಹೇಳಿಕೊಂಡು ಬಂದದ್ದೂ ಇದನ್ನೇ. ಊಟದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿದಳು.

ಸಂಜೆ ಸ್ಕೂಟರ್ ನಿಲ್ಲಿಸಿ ನೇರ ಅಡುಗೆಮನೆಗೆ ಹೋದಳು. ವಾರ್ತಿನಿ ಅಪ್ಪನಿಗೆ ಗಂಜಿ ಕಲಕುತ್ತಿದ್ದಳು. ಪಾವ್-ಚುವಿನ ಮುಖ ನೋಡಿ ಹೆದರಿದಳು.

"ತಾತ ಬಿದ್ದಿಲ್ಲ ಅಕ್ಕ. ನಾನು ಹಿಡಿದೆ."

"ಅದಲ್ಲ ಕಣೇ. ನೀನು ಕಳಿಸಿದ್ದನ್ನ ನಾನು ಸರಿಯಾಗಿ ಓದಿರಲಿಲ್ಲ."

ವಾರ್ತಿನಿ ಗೊಂದಲದಿಂದ ಅಡ್ಡಡ್ಡ ತಲೆಯಾಡಿಸಿದಳು. "ಓದಿದ್ರಿ. ಅಕ್ಕ ಹೆಬ್ಬೆರಳು ಹಾಕ್ತಿದ್ರಿ."

ಪಾವ್-ಚು ಒಲೆಯ ಉರಿಯನ್ನು ತಾನೇ ತಗ್ಗಿಸಿದಳು.

"ಈ ಭಾನುವಾರ ನೀನು ಹೊರಗೆ ಹೋಗು. ಇನ್ಮೇಲೆ ಎಲ್ಲ ಭಾನುವಾರಾನೂ. ರಾತ್ರಿ ಒಂದು ದಿನ ನೀನು ಏಳು, ಒಂದು ದಿನ ನಾನು."

"ತಾತ?"

"ನಾನಿದೀನಲ್ಲ."

"ಅಕ್ಕನಿಗೆ ಎತ್ತೋಕೆ ಬರಲ್ಲ," ಎಂದಳು ವಾರ್ತಿನಿ, ಬಹಳ ಗಂಭೀರವಾಗಿ. ಆಮೇಲೆ ಅಪ್ಪನ ಕೋಣೆಯಲ್ಲಿ ಅವಳೇ ತೋರಿಸಿಕೊಟ್ಟಳು: ಮೊಣಕಾಲು ಮಡಿಸಬೇಕು, ಸೊಂಟ ಬಗ್ಗಿಸಬಾರದು, ಕಂಕುಳ ಕೆಳಗೆ ಕೈ ಹಾಕಬೇಕು. ಅಪ್ಪ ಗೊಣಗಿದರು, "ಏನ್ರೇ, ನನ್ನನ್ನ ಅಕ್ಕಿಮೂಟೆ ಅಂದ್ಕೊಂಡ್ರಾ?"

ಶುಕ್ರವಾರದ ವರದಿಯಲ್ಲಿ ಪಾವ್-ಚು ಬರೆದಳು: ಬೆಲೆಪಟ್ಟಿಗೆ ಹಸಿರು, ಉತ್ತರ ಬರೆಯಲು ನೀಲಿ. ಎದುರಿನವರು ಏನು ಹೇಳುತ್ತಿದ್ದಾರೆಂದು ತಿಳಿಯಬೇಕಾದರೆ ಕೆಂಪು. ಅದಕ್ಕೆ ಯಾವ ಆಜ್ಞೆಯನ್ನೂ ಕೊಟ್ಟಿಡಬಾರದು. ತ್ಸೆಂಗ್ ಕೊನೆಯ ಸಾಲನ್ನು ಎರಡು ಸಲ ಓದಿದ.

ಭಾನುವಾರ ವಾರ್ತಿನಿ ಬೆಳಗಿನ ರೈಲಿಗೆ ಹೋದಳು. ಮಧ್ಯಾಹ್ನದೊಳಗೆ ಅಪ್ಪ ಬಚ್ಚಲಿಗೆಂದು ಏಳು ಸಲ ಕರೆದರು. ಎಂಟನೆಯ ಸಲ ಪಾವ್-ಚು ರೇಗಿದಳು: "ಈಗ ತಾನೇ ಹೋಗಿ ಬಂದ್ಯಲ್ಲಪ್ಪಾ!" ಅಪ್ಪ ಮತ್ತೆ ಕರೆಯಲಿಲ್ಲ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಹಾಸಿಗೆ ಒದ್ದೆ. ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದರು. ಅವಳು ಚಾದರ ಬದಲಾಯಿಸಿದಳು, ಬೆನ್ನು ಒರೆಸಿದಳು. "ತಪ್ಪಾಯ್ತಪ್ಪ," ಎಂದಳು. ಸೊಂಟ ಹಿಡಿದುಕೊಂಡಿತ್ತು.

ಆರು ಗಂಟೆಗೆ ವಾರ್ತಿನಿ ಬಂದಳು, ಕೈಯಲ್ಲಿ ಕರಿದ ಸೋಯಾ ಬಿಲ್ಲೆಗಳ ಪೊಟ್ಟಣ. ಹಗ್ಗದ ಮೇಲಿನ ಚಾದರ ಕಂಡವಳೇ ಚಪ್ಪಲಿ ಬಿಟ್ಟು ಒಳಗೆ ಧಾವಿಸಿದಳು. ಪಾವ್-ಚು ಅವಳನ್ನು ತಡೆದು ಊಟದ ಮೇಜಿನ ಮುಂದೆ ಕೂರಿಸಿ ಅನ್ನ ಬಡಿಸಿದಳು.

"ಭಾನುವಾರ ಇನ್ನೂ ಮುಗಿದಿಲ್ಲ. ತಿನ್ನು."

ಒಳಗಿನಿಂದ ಅಪ್ಪ ಕೂಗಿದರು, "ಏ ವಾರ್ತಿನೀ!"

ವಾರ್ತಿನಿ ಅರ್ಧ ಎದ್ದಳು. ಪಾವ್-ಚು ಅವಳ ಭುಜ ಒತ್ತಿ ಕೂರಿಸಿ, ಅಂಗಿಯ ತೋಳು ಮಡಿಸಿಕೊಂಡು ತಾನೇ ಒಳಗೆ ನಡೆದಳು.

"ಯಾರದು?"

"ನಾನಪ್ಪ. ನಿಧಾನ... ಮೊದಲು ನಾನು ಮೊಣಕಾಲು ಮಡಿಸ್ಕೋತೀನಿ, ತಾಳು."