ಕೊಯ್ಯದ ಕಿಂಡಿ

ಸಾವುಕಾರ ಅಪ್ಪಾಸಾಬನ ಮಗ್ಗದ ಶೆಡ್ಡಿನ ಅಟ್ಟದಲ್ಲಿ ಮಾರ್ಚ್ ತಿಂಗಳಿಗೇ ನೆತ್ತಿ ಸುಡುತ್ತಿತ್ತು. ಕೆಳಗೆ ಪವರ್‌ಲೂಮುಗಳು. ಮೇಲೆ ಕಂಡಿಕೆಗೆ ನೂಲು ಸುತ್ತುವ ಹನ್ನೊಂದು ಹೆಂಗಸರು. ಅವರು ಎದ್ದು ನಿಂತರೆ ತಲೆಗೆ ತಗಡು ತಾಗುತ್ತಿತ್ತು. ಒಂದು ಕಿಟಕಿಯೂ ಇರಲಿಲ್ಲ. ಗಾಳಿ ಆಡಿದರೆ ಎಳೆ ಕಡಿಯುತ್ತದೆ ಎಂದು ಸಾವುಕಾರನ ವಾದ. ಎಳೆಗಳ ಮೇಲೆ ಅವನಿಗೆ ಅಷ್ಟು ಅಂತಃಕರಣ.

ಚಿಮ್ಮಡದಿಂದ ದಿನಾ ಟಂಟಂ ಹಿಡಿದು ಬನಹಟ್ಟಿಗೆ ಬರುವ ಹೊಳೆವ್ವ ಆ ಹನ್ನೊಂದರಲ್ಲಿ ಒಬ್ಬಳು. ಸೊಸೆ ರಂಜನಾ ಇನ್ನೊಬ್ಬಳು, ಆರು ತಿಂಗಳ ಬಸುರಿ. ಹೋದ ತಿಂಗಳು ಮಟಮಟ ಮಧ್ಯಾಹ್ನ ಅವಳು ಕಣ್ಣಿಗೆ ಕತ್ತಲೆ ಬಂದು ಕೂತಲ್ಲೇ ಉರುಳಿದಳು. ಈ ಧಗೆಯಲ್ಲಿ ಇನ್ನೊಮ್ಮೆ ಬಿದ್ದರೆ ಕೂಸು ಉಳಿಯುವ ಖಾತ್ರಿ ಇಲ್ಲ ಎಂದಳು ನರ್ಸು. ಅಟ್ಟ ಹತ್ತದಿದ್ದರೆ ಒಲೆ ಹೊತ್ತುವ ಖಾತ್ರಿ ಇಲ್ಲ. ಅದನ್ನು ಹೇಳಲು ನರ್ಸು ಬೇಕಾಗಿರಲಿಲ್ಲ.

ಅಪ್ಪಾಸಾಬನ ಮಾತು ಇನ್ನೂ ಸೊಗಸು. "ಬಸುರಾದಾಕಿ ಮನಿಯಾಗ ಇರಬೇಕು. ನಾ ಏನು ಸೂರ್ಯಾಗ ಕೌದಿ ಹೊಚ್ಚಲೇನು?"

ಹೆಂಗಸರು ಅರ್ಜಿ ಬರೆಸಿ ಕಾರ್ಮಿಕ ಇಲಾಖೆಯ ಕಚೇರಿಗೆ ಕೊಟ್ಟರು. ಮಾಡಿನ ನೆತ್ತಿಯುದ್ದಕ್ಕೂ ಗಾಳಿಕಿಂಡಿ ಕೂರಿಸಬೇಕು, ಇಲ್ಲವಾದರೆ ಶೆಡ್ಡಿಗೇ ಬೀಗ ಎಂದು ಅಲ್ಲಿನ ಸಾಹೇಬರು ನೋಟಿಸು ಹೊರಡಿಸಿದರು. ಅದೇ ಸಂಜೆ ಸಾವುಕಾರನ ಮನೆಯಲ್ಲಿ ಹೋಳಿಗೆ ಊಟ ಮಾಡಿ, ಕೈ ತೊಳೆದುಕೊಂಡು ಹೋದರು.

ನಾಲ್ಕು ದಿನ ಬಿಟ್ಟು ತಗಡಿನ ಕೆಲಸದ ಜಕ್ಕಪ್ಪ ಬಂದ. ನೆತ್ತಿಗೆ ಹೊಸ ತಗಡಿನ ಮುಚ್ಚಳ ಕೂರಿಸಿ ಸ್ಕ್ರೂ ಬಿಗಿದ. ರಸ್ತೆಯಲ್ಲಿ ನಿಂತು ನೋಡಿದರೆ ಚಂದದ ಗಾಳಿಕಿಂಡಿ. ಅಟ್ಟದಲ್ಲಿ ಕೂತು ನೋಡಿದರೆ ಹಳೆಯ ತಗಡು ಹಾಗೇ ಇತ್ತು. ಬೆಳಕಿನ ಒಂದು ಗೆರೆಯೂ ಇರಲಿಲ್ಲ.

"ಜಕ್ಕಪ್ಪಾ, ಕಿಂಡಿ ಎಲ್ಲೈತೋ ನನ್ನಪ್ಪಾ?" ಎಂದಳು ಹೊಳೆವ್ವ, ಕೆಳಗಿಳಿದವನಿಗೆ ನೀರು ಕೊಡುತ್ತ.

ಅವನು ತಲೆ ಎತ್ತಲಿಲ್ಲ. "ಯವ್ವಾ, ನೆತ್ತಿ ತಗಡ ಎರಡೂ ಕಡೆ ನಾಕ್ನಾಕು ಬೆರಳು ಕೊಯ್ದು, ಅದರ ಮ್ಯಾಲ ಇದನ್ನ ಕುಂದ್ರಸಬೇಕು. ಆವಾಗ ಕಾದ ಗಾಳಿ ತಾನ ಮ್ಯಾಲೇರಿ ಹೋಗತೈತಿ. ಸಾವ್ಕಾರ್ರು ಕೊಯ್ಯಬ್ಯಾಡ ಅಂದ್ರು. ಮಳಿ ಬಂದ್ರ ನೂಲು ತೋಯತೈತಂತ."

"ನಾವು ಬೆವರಿನಾಗ ತೋಯತೇವಲ್ಲೋ?"

"ಅದರ ಮಾತು ಬರಲಿಲ್ಲ ಬೇ ಯವ್ವಾ. ನಾ ಹೇಳಿದ್ನಿ ಅಂತ ಯಾರಿಗೂ ಹೇಳಬ್ಯಾಡ. ಊರಾಗ ನನಗ ಕೆಲಸ ಕೊಡವ್ರು ಇಂಥವರ ಅದಾರ."

ಹೊಳೆವ್ವ ಖಾಲಿ ಚೊಂಬು ಹಿಡಿದು ಅಟ್ಟ ಹತ್ತಿದಳು. ಅಮಾವಾಸ್ಯೆಗೆ ಎಷ್ಟು ದಿನ ಎಂದು ಹೆಂಗಸರನ್ನು ಕೇಳಿದಳು.

ಅಮಾವಾಸ್ಯೆಯ ದಿನ ಸಾಹೇಬರು ತಪಾಸಣೆಗೆ ಬಂದರು. ತಪಾಸಣೆ ಎಂದರೆ ಮೊದಲು ಕೊರಳಿಗೊಂದು ಹಾರ, ಆಮೇಲೆ ರಸ್ತೆಯಲ್ಲೇ ನಿಂತು ಮೊಬೈಲಿನಲ್ಲಿ ಮಾಡಿನ ಫೋಟೋ. ಫೋಟೋ ಚಂದ ಬರಲಿ ಎಂದು ಜಕ್ಕಪ್ಪನ ಕೈಗೆ ತಗಡು ಕೊಯ್ಯುವ ಮಷೀನು ಕೊಟ್ಟು ಮೇಲೆ ನಿಲ್ಲಿಸಿದ್ದರು. ವರದಿ ಆಗಲೇ ಟೈಪಾಗಿ ಸಾಹೇಬರ ಬಗಲಲ್ಲಿತ್ತು.

"ಹೆಣ್ಮಕ್ಕಳು ಏನಂತಾರ?" ಎಂದರು ಸಾಹೇಬರು.

"ಮಹಾಬಳೇಶ್ವರದ ಥಂಡಿಗೆ ಬಂದಂಗ ಆಗೈತಿ ಅಂತಾರ್ರೀ," ಎಂದ ಅಪ್ಪಾಸಾಬ.

ಆಗ ಹೊಳೆವ್ವ ಕಬ್ಬಿಣದ ಬುಟ್ಟಿಯಲ್ಲಿ ಕೆಂಡ ಹಿಡಿದು ಮುಂದೆ ಬಂದಳು. "ಸಾಹೇಬ್ರ, ನಿಮ್ಮ ಪುಣ್ಯೇದಿಂದ ಮಾಡು ಹೊಸಾದಾತು. ಊರ ಕಣ್ಣು ಸುಮ್ನಿರೂದಿಲ್ರೀ. ದೃಷ್ಟಿ ತಗೀತೇವಿ. ಮಾಡಿಸಿದವರು ಇಬ್ರೂ ಅಟ್ಟದಾಗ ನಿಂದರಬೇಕು."

ಅಮಾವಾಸ್ಯೆಗೆ ಶೆಡ್ಡಿನಲ್ಲಿ ಧೂಪ ಹಾಕುವುದು ರೂಢಿ. ಬೇಡ ಎಂದು ಅಪಶಕುನ ಕಟ್ಟಿಕೊಳ್ಳಲು ಅಪ್ಪಾಸಾಬನಿಗೆ ಧೈರ್ಯ ಸಾಲಲಿಲ್ಲ. ಸಾಹೇಬರಿಗೆ ಆರತಿ, ದೃಷ್ಟಿ ಎಂದರೆ ಮೊದಲೇ ಖುಷಿ. ಇಬ್ಬರೂ ಹತ್ತಿದರು.

ನೂಲಿನ ಮೇಲೆ ಹೆಂಗಸರು ಮೊದಲೇ ಹಸಿ ಚೀಲ ಹೊದಿಸಿದ್ದರು. ಹೊಳೆವ್ವ ಬುಟ್ಟಿಯನ್ನು ಇಟ್ಟಂಗಿಯ ಮೇಲಿಟ್ಟು, ಇಬ್ಬರಿಗೂ ಮೂರು ಸಲ ನಿವಾಳಿಸಿ, ಒಂದು ಬೊಗಸೆ ಒಣಮೆಣಸಿನಕಾಯಿ ಕೆಂಡಕ್ಕೆ ಸುರಿದಳು. ಸೆರಗು ಮೂಗಿಗೆ ಕಟ್ಟಿಕೊಂಡು ಮೆಟ್ಟಿಲ ಬಾಯಿಯಲ್ಲಿ ನಿಂತಳು. ಇಕ್ಕಟ್ಟಾದ ಮೆಟ್ಟಿಲ ಮೇಲೆ ಅವಳ ಹಿಂದೆ ಒಂಬತ್ತು ಹೆಂಗಸರು, ಮೆಟ್ಟಿಲಿಗೊಬ್ಬರು. ಹೊಗೆ ತಾಗದಿರಲೆಂದು ರಂಜನಾಳನ್ನು ಹೊರಗೆ ಕೂರಿಸಿದ್ದರು.

ಹೊಗೆ ನೆಟ್ಟಗೆ ನೆತ್ತಿಗೆ ಹೋಯಿತು. ತಗಡಿಗೆ ಬಡಿದು ನೆಟ್ಟಗೆ ಸಾಹೇಬರ ಮೂಗಿಗೆ ಬಂತು. ಕೆಮ್ಮು, ಸೀನು, ಕಣ್ಣೀರು. ಹಾರ ಎಲ್ಲಿ ಬಿತ್ತೋ ಗೊತ್ತಾಗಲಿಲ್ಲ.

"ಲೇ ಹೊಳೆವ್ವಾ, ದಾರಿ ಬಿಡಲೇ!" ಅಪ್ಪಾಸಾಬ ಒದರಿದ.

"ಗಾಬರಿ ಆಗಬ್ಯಾಡ್ರೀ ಸಾವ್ಕಾರ್ರ. ನೆತ್ತಿಗೆ ಕಿಂಡಿ ಐತಲ್ಲ? ಹೊಗಿ ಈಗ ಹೋಗತೈತಿ. ಸಾಹೇಬ್ರ, ಬಗಲಾಗಿನ ಕಾಗದ ಓದ್ರಿ, ನಮಗೂ ಕೇಳಲಿ."

"ಬಿಡವ್ವಾ, ಸಾಯತೇನಿ..." ಎಂದರು ಸಾಹೇಬರು.

"ನನ್ನ ಸೊಸಿನೂ ಇಲ್ಲೇ ಹಿಂಗ ಅಂದು ಬಿದ್ಲು. ನಾವು ದಿನಾ ಹತ್ತು ತಾಸು ಕುಂದರತೇವ್ರೀ. ಓದ್ರಿ."

ಸಾಹೇಬರು ಕಾಗದ ಬಿಚ್ಚಿದರು. "ಅಟ್ಟದಲ್ಲಿ ಗಾಳಿಯ ವ್ಯವಸ್ಥೆ ಸಮರ್ಪ..." ಮುಂದಿನದು ಕೆಮ್ಮಿನಲ್ಲಿ ಹೋಯಿತು.

ಕೆಳಗೆ ಮಗ್ಗಗಳು ಒಂದೊಂದಾಗಿ ನಿಂತವು. ನೇಕಾರರು ತಲೆ ಎತ್ತಿ ಕೇಳುತ್ತಿದ್ದರು.

"ಕೊಯ್ಸೋ ಮಾರಾಯಾ, ಕೊಯ್ಸು!" ಸಾಹೇಬರು ಅಪ್ಪಾಸಾಬನ ಕೊರಳಪಟ್ಟಿ ಹಿಡಿದರು.

"ನೂಲು ಹಾಳಾಗತೈತ್ರೀ..."

ಅಷ್ಟರಲ್ಲಿ ಮಾಡಿನ ಮೇಲೆ ಮಷೀನು ಗುರ್ ಎಂದಿತು. ಜಕ್ಕಪ್ಪನಿಗೆ ಯಾರೂ ಹೇಳಿರಲಿಲ್ಲ. ಅವನು ಮುಚ್ಚಳ ಕಿತ್ತು ತಗಡು ಸೀಳಿದ, ಮೊಳದುದ್ದ ಬೆಳಕು ಒಳಗೆ ಬಂತು. ಹೊಗೆ ಅತ್ತ ಸರಿಯತೊಡಗಿತು. ಬೆಳಕಿನ ಸೀಳಿನಿಂದ ಜಕ್ಕಪ್ಪನ ಮುಖ ಇಣುಕಿತು.

"ಯವ್ವಾ, ಇಷ್ಟ ಕೊಯ್ದರ ಉಪಯೋಗಿಲ್ಲ. ಕೆಳಗ ಎರಡೂ ಕಡೆ ಸೂರಿನಾಗ ತಂಪು ಗಾಳಿ ಒಳಗ ಬರಾಕ ಬಾಯಿ ಬೇಕು. ಅದಿಲ್ಲಂದ್ರ ಮ್ಯಾಲಿನ ಕಿಂಡಿ ಎಳಿಯೂದಿಲ್ಲ."

ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಮೆಟ್ಟಿಲ ಕಡೆ ಬಂದರು. ಒಬ್ಬ ಹೆಂಗಸೂ ಸರಿಯಲಿಲ್ಲ. ಹೊಳೆವ್ವ ಉಡಿಯಿಂದ ಇನ್ನೊಂದು ಬೊಗಸೆ ಮೆಣಸಿನಕಾಯಿ ತೆಗೆದಳು.

"ಕೇಳಿದ್ರಲ್ರೀ ಸಾಹೇಬ್ರ? ಕುಂದರ್ರಿ. ಇನ್ನ ಎರಡು ಸೂರು ಕೊಯ್ಯೂದು ಐತಿ."